ಮಧ್ಯಾಹ್ನ ಮುಚ್ಚುತ್ತಿದ್ದ ನವಿಲಿನ ಕಣ್ಣು

ಮೂರನೇ ಕ್ಲಾಸಿಗೆ ನನ್ನನ್ನು ಸ್ಕೂಲು ಬಿಡಿಸಿದರು. ಅಷ್ಟರಲ್ಲಿ ಅಂಕಿ ಬಂದಿತ್ತು, ಅಕ್ಷರ ಕೂಡಿಸಿ ಓದುವುದು ಬಂದಿತ್ತು. ಅಕ್ಷರ ನನಗೆ ಅಷ್ಟೇನೂ ಉಪಯೋಗಕ್ಕೆ ಬರಲಿಲ್ಲ. ಜೀವನಪೂರ್ತಿ ದುಡಿದದ್ದು ಅಂಕಿಯಿಂದ. ದೊಡ್ಡಬಳ್ಳಾಪುರಕ್ಕೆ ಮದುವೆಯಾಗಿ ಬಂದ ಮೇಲೆ ಮೂವತ್ತು ವರ್ಷ ಮಗ್ಗದ ಕಾರ್ಡುಗಳಿಗೆ ತೂತು ಹೊಡೆದಿದ್ದೇನೆ.

ಆ ಕೆಲಸ ಏನೆಂದು ಮೊದಲೇ ಹೇಳಿಬಿಡುತ್ತೇನೆ, ಇಲ್ಲದಿದ್ದರೆ ಮುಂದಿನದು ಅರ್ಥವಾಗುವುದಿಲ್ಲ. ಸೀರೆಯ ಮೇಲೆ ನವಿಲು ಬರಬೇಕಾದರೆ ಮೊದಲು ಅದನ್ನು ಚೌಕಚೌಕದ ಹಾಳೆಯಲ್ಲಿ ಬರೆಯಬೇಕು. ಬಣ್ಣ ತುಂಬಿದ ಚೌಕಕ್ಕೆ ರಟ್ಟಿನ ಕಾರ್ಡಿನಲ್ಲಿ ಒಂದು ತೂತು. ಖಾಲಿ ಚೌಕಕ್ಕೆ ತೂತಿಲ್ಲ. ಹಾಳೆಯ ಒಂದು ಸಾಲಿಗೆ ಒಂದು ಕಾರ್ಡು. ಮಗ್ಗದ ನೆತ್ತಿಯ ಮೇಲೆ ಕೂತ ಜಕಾರ್ಡು ಎಂಬ ಯಂತ್ರ ಆ ಕಾರ್ಡುಗಳನ್ನು ಒಂದೊಂದಾಗಿ ತಡವಿ ನೋಡುತ್ತದೆ. ತೂತಿದ್ದ ಕಡೆ ಕೊಕ್ಕೆ ಮೇಲೇಳುತ್ತದೆ, ಕೊಕ್ಕೆಯ ಜೊತೆ ಎಳೆ ಏಳುತ್ತದೆ, ಅದರ ಕೆಳಗೆ ಲಾಳಿ ಓಡುತ್ತದೆ. ಹಾಳೆಯ ಮೇಲೆ ಇದ್ದದ್ದು ಬಟ್ಟೆಗೆ ಬರುತ್ತದೆ. ತಪ್ಪಿದ್ದರೆ ತಪ್ಪೂ ಬರುತ್ತದೆ.

ನನ್ನ ಯಜಮಾನರು ಹಾಳೆಯ ಮೇಲೆ ಬರೆಯುವವರು, ನಾನು ತೂತು ಹೊಡೆಯುವವಳು. ಅವರು ಬರೆದದ್ದರಲ್ಲಿ ಎಲ್ಲಕ್ಕಿಂತ ಚೆನ್ನಾಗಿದ್ದದ್ದು ಒಂದು ನವಿಲು. ಅದರ ಕಣ್ಣು ಅಂದರೆ ಏನೂ ಅಲ್ಲ, ತುಂಬಿದ ತಲೆಯ ನಡುವೆ ಖಾಲಿ ಬಿಟ್ಟ ಒಂದೇ ಒಂದು ಚೌಕ. ಅಲ್ಲಿಗೆ ತಪ್ಪಿ ತೂತು ಬಿದ್ದರೆ ಕಣ್ಣು ಮುಚ್ಚಿತು. ಅದಕ್ಕೇ ಕಣ್ಣಿರುವ ಸಾಲಿನ ಕಾರ್ಡನ್ನು ಕೊನೆಗೆ ಉಳಿಸಿಕೊಂಡು, ಮಾರನೇ ದಿನ ಬೆಳಿಗ್ಗೆ ತಲೆಗೆ ನೀರು ಹಾಕಿಕೊಂಡು ಹೊಡೆಯುವುದು ನಮ್ಮ ಮನೆಯ ಪದ್ಧತಿ. ನನ್ನ ಅತ್ತೆ ಹೇಳಿದ್ದು, ನಾನು ಮಾಡಿದ್ದು. ಕಾರಣ ಕೇಳಲಿಲ್ಲ. ಅವರು ಕಾರಣ ಹೇಳುವಂಥವರೂ ಅಲ್ಲ.

ಒಂದು ಸಲ ಮಾತ್ರ ಆ ಪದ್ಧತಿ ಮೀರಿದೆ. ಅದನ್ನು ಆಮೇಲೆ ಹೇಳುತ್ತೇನೆ.

ತೊಂಬತ್ತರ ದಶಕ ಮುಗಿಯುತ್ತಾ ಬಂದಿತ್ತು. ಯಜಮಾನರು ಹೋಗಿ ನಾಲ್ಕು ವರ್ಷವಾಗಿತ್ತು. ಮಗ ದಾಬಸ್‌ಪೇಟೆಯ ಫ್ಯಾಕ್ಟರಿಯಲ್ಲಿ ಶಿಫ್ಟು ಕೆಲಸ ಮಾಡುತ್ತಿದ್ದ. ಮನೆಯಲ್ಲಿ ಹಗಲು ನಾನು ಮತ್ತು ಸೊಸೆ. ಸೊಸೆ ನಮ್ಮ ಪಕ್ಕದ ವಿಜಯಪುರದವಳು, ರೇಷ್ಮೆ ಹುರಿ ಮಾಡುವವರ ಮನೆಯ ಹುಡುಗಿ. ಮದುವೆಗೆ ಮುಂಚೆ ಆರು ತಿಂಗಳು ಕಂಪ್ಯೂಟರ್ ಕಲಿತಿದ್ದಳು. ತವರಿನವರು ಬಳೆ ಮಾಡಿಸುವ ಬದಲು ಒಂದು ಹಳೆಯ ಕಂಪ್ಯೂಟರನ್ನೇ ಕೊಟ್ಟು ಕಳಿಸಿದರು. ಬಂದ ದಿನ ನಾನು ಅದನ್ನು ನೋಡಿ, "ಇದನ್ನ ಕೈಗೆ ಹಾಕ್ಕೊಳ್ತೀಯೋ ಕತ್ತಿಗೆ ಹಾಕ್ಕೊಳ್ತೀಯೋ?" ಎಂದು ಕೇಳಿದ್ದೆ.

ಅವಳು ನಕ್ಕಳು. ಆಮೇಲೆ ಒಂದು ವರ್ಷದಲ್ಲಿ ನನ್ನ ಬಾಯಿ ಮುಚ್ಚಿಸಿದಳು. ಮಾವನ ಹಳೆಯ ಹಾಳೆಗಳನ್ನೆಲ್ಲ ಒಂದೊಂದೇ ಚೌಕ ನೋಡಿಕೊಂಡು ಆ ಪೆಟ್ಟಿಗೆಯೊಳಗೆ ಸೇರಿಸಿದಳು. ಬಣ್ಣ ಬದಲಾಯಿಸು ಅಂದರೆ ಬದಲಾಯಿಸುತ್ತಿದ್ದಳು, ದೊಡ್ಡದು ಮಾಡು ಅಂದರೆ ದೊಡ್ಡದು. ಪ್ರಿಂಟರಿನಿಂದ ಕರ್‍ರೆಂದು ಹಾಳೆ ಹೊರಗೆ ಬರುತ್ತಿತ್ತು. ನಾನು ಅದನ್ನು ನೋಡಿ ಕಾರ್ಡು ಹೊಡೆಯುತ್ತಿದ್ದೆ.

ನಾವು ಕೆಲಸ ಮಾಡಿಕೊಡುತ್ತಿದ್ದ ಮಗ್ಗದ ಮಾಲೀಕರು ಒಂದು ದಿನ ಬಂದು, ಅದೇ ನವಿಲು ಸೆರಗಿನ ತುಂಬ ಬೇಕು, ಇಪ್ಪತ್ತನಾಲ್ಕು ನವಿಲು, ಒಂದಕ್ಕೊಂದು ಮುಖ ಮಾಡಿರಬೇಕು ಎಂದರು. ಸೊಸೆ ಹೂಂ ಅಂದಳು. ಕಂಪ್ಯೂಟರ್ ಹೂಂ ಅನ್ನಲಿಲ್ಲ. ಹತ್ತು ನವಿಲಿನ ತನಕ ಬಂದು ಹಾಗೇ ನಿಂತುಬಿಡುತ್ತಿತ್ತು. ಅಷ್ಟು ದೊಡ್ಡದನ್ನು ನೆನಪಿಟ್ಟುಕೊಳ್ಳಲು ಅದಕ್ಕೆ ಮೆಮರಿ ಸಾಲದು, ಅಪ್‌ಗ್ರೇಡ್ ಮಾಡಿಸಬೇಕು ಎಂದಳು.

ರಿಪೇರಿಯವನು ಬಂದ. ನಮ್ಮೂರಲ್ಲೇ ಟಿ.ವಿ. ರಿಪೇರಿ ಮಾಡಿಕೊಂಡಿದ್ದು ಆಮೇಲೆ ಕಂಪ್ಯೂಟರಿಗೆ ಕೈ ಹಾಕಿದ ನಡುವಯಸ್ಸಿನ ಮನುಷ್ಯ. ಪೆಟ್ಟಿಗೆ ಬಿಚ್ಚಿ, ಒಳಗಿನ ದೊಡ್ಡ ಹಲಗೆಯಂಥ ಮದರ್‌ಬೋರ್ಡು ತೆಗೆದು ಬೇರೆಯದು ಹಾಕಿದ. ಅದರ ಮೇಲೆ ಬೇಗ ಓಡುವ ಹೊಸ ಪ್ರೊಸೆಸರ್ ಕೂರಿಸಿದ. ಕೊನೆಗೆ ಮೆಮರಿ. ಗೇಣುದ್ದವೂ ಇಲ್ಲದ ಹಸಿರು ಪಟ್ಟಿ, ಅದರ ಮೇಲೆ ಸಾಲಾಗಿ ಎಂಟು ಕಪ್ಪು ಹುಳ ಕೂತ ಹಾಗೆ ಇತ್ತು, ಸಣ್ಣ ಸಣ್ಣ ಕಾಲುಗಳ ಸಮೇತ. ಹಳೆಯ ಪಟ್ಟಿಯನ್ನು ತನ್ನ ಚೀಲಕ್ಕೆ ಹಾಕಿಕೊಳ್ಳಲು ಹೋದ.

"ಅದನ್ನ್ಯಾಕಪ್ಪ ತಗೊಂಡೋಗ್ತೀಯ? ಕೆಟ್ಟೋಗಿದ್ಯಾ?" ಎಂದೆ.

"ಕೆಟ್ಟಿಲ್ಲಮ್ಮ. ಹೊಸದೊಂದೇ ಸಾಕು ಅಂತ."

"ಪಕ್ಕದಲ್ಲಿ ಇನ್ನೊಂದು ಜಾಗ ಖಾಲಿ ಇದ್ದಂಗಿದೆ."

"ಇದೆ."

"ಮತ್ತೆ ಅಲ್ಲಿ ಹಾಕು. ನಮ್ಮನೇಲಿ ಗಟ್ಟಿಮುಟ್ಟಾಗಿರೋರ್ನ ಸುಮ್ನೆ ಕೂರ್ಸೋ ಪದ್ಧತಿ ಇಲ್ಲ."

"ಅಮ್ಮಾವ್ರು ಕಂಪ್ಯೂಟರ್ನೂ ಬಿಡಲ್ಲ," ಎಂದು ಅವನು ಸೊಸೆಯ ಕಡೆ ನೋಡಿ ನಕ್ಕ. "ಹಾಕ್ತೀನಿ ಬಿಡಿ. ಎರಡಿದ್ರೆ ಒಳ್ಳೇದೇ."

ಹಾಕಿದ. ಕಂಪ್ಯೂಟರ್ ಎದ್ದಿತು. ಎರಡೂ ಪಟ್ಟಿ ಸೇರಿಸಿ ಲೆಕ್ಕ ತೋರಿಸಿತು. ಇಪ್ಪತ್ತನಾಲ್ಕು ನವಿಲೂ ಪರದೆಯ ಮೇಲೆ ಬಂದು ನಿಂತವು. ನಾನು ಗೆದ್ದೆ ಅಂದುಕೊಂಡೆ.

ಆಗ ಸೊಸೆ ಬಸುರಿ, ಆರು ತಿಂಗಳು ತುಂಬಿತ್ತು. ಶಿವರಾತ್ರಿ ಕಳೆದು ಬಿಸಿಲು ಏರಿತ್ತು. ಕಂಪ್ಯೂಟರ್ ಇದ್ದದ್ದು ಹಿಂದಿನ ಕೋಣೆಯಲ್ಲಿ, ಮೇಲೆ ಕಲ್ನಾರಿನ ಶೀಟು. ಹನ್ನೆರಡು ದಾಟಿದರೆ ಒಳಗೆ ಕೂತವರು ಬೇಯುತ್ತಿದ್ದರು.

ಎರಡನೇ ದಿನವೋ ಮೂರನೇ ದಿನವೋ, ಮಟಮಟ ಮಧ್ಯಾಹ್ನ ಕರೆಂಟು ಹೋಯಿತು. ನಮ್ಮೂರಲ್ಲಿ ಕರೆಂಟು ಹೋಗುವುದೆಂದರೆ ಬೆಳಕು ಹೋಗುವುದಲ್ಲ, ಸದ್ದು ಹೋಗುವುದು. ಹಗಲೂ ರಾತ್ರಿ ಕಿವಿಯಲ್ಲಿ ಬಡಿಯುತ್ತಿರುವ ಮಗ್ಗಗಳೆಲ್ಲ ಒಂದೇ ಏಟಿಗೆ ನಿಲ್ಲುತ್ತವೆ. ಹೊಸಬರಿಗೆ ನೆಮ್ಮದಿ ಅನ್ನಿಸಬಹುದು. ನಮಗೆ ಪಕ್ಕದಲ್ಲಿ ಮಲಗಿದವರ ಉಸಿರು ನಿಂತ ಹಾಗೆ. ಕಂಪ್ಯೂಟರಿಗೆ ಮಾತ್ರ ಒಂದು ಬ್ಯಾಟರಿ ಡಬ್ಬ ಇತ್ತು. ಅದು ಕೀಂ ಕೀಂ ಎಂದು ಕೂಗುತ್ತಿತ್ತು. ಆ ಕೂಗಿನ ನಡುವೆ ಸೊಸೆಯ ದನಿ ಕೇಳಿತು.

"ಅತ್ತೆಮ್ಮ, ಸ್ವಲ್ಪ ಬನ್ನಿ ಇಲ್ಲಿ."

ಹೋದೆ. ಅವಳು ಪರದೆಯಿಂದ ಒಂದು ಮೊಳ ಹಿಂದೆ ಸರಿದು ಕೂತಿದ್ದಳು.

"ಇದು ಕಣ್ಣು ಮುಚ್ಚಿಕೊಳ್ತು," ಎಂದಳು.

"ಯಾವ್ದು?"

"ಮೂರನೇ ಸಾಲಿಂದು, ಎಡಗಡೆ. ಈಗ ತಾನೇ ತೆರೆದಿತ್ತು. ಮೇಲಕ್ಕೆ ಸರಿಸಿ ಕೆಳಗೆ ತಂದೆ, ಅಷ್ಟರಲ್ಲಿ ಮುಚ್ಚಿದೆ."

ಬಗ್ಗಿ ನೋಡಿದೆ. ಇಪ್ಪತ್ತಮೂರು ನವಿಲು ನಮ್ಮನ್ನು ನೋಡುತ್ತಿದ್ದವು. ಒಂದು ನೋಡುತ್ತಿರಲಿಲ್ಲ.

"ನಿನ್ ಕೈ ತಗುಲಿರುತ್ತೆ."

"ಕೈ ಇಲ್ಲಿತ್ತು ಅತ್ತೆಮ್ಮ," ಎಂದು ಹೊಟ್ಟೆಯ ಮೇಲಿದ್ದ ಕೈ ತೋರಿಸಿದಳು.

ಬ್ಯಾಟರಿ ಮುಗಿದು ಪರದೆ ಆರಿತು. ಮಾರನೇ ದಿನ ಬೆಳಿಗ್ಗೆ ಹಾಕಿ ನೋಡಿದರೆ ಇಪ್ಪತ್ತನಾಲ್ಕು ಕಣ್ಣೂ ತೆರೆದಿದ್ದವು. ಆ ಹೊತ್ತಿಗೇ ಒಂದು ಹಾಳೆ ಪ್ರಿಂಟು ತೆಗೆದಿದ್ದರೆ ಮುಗಿಯುತ್ತಿತ್ತು. ಪ್ರಿಂಟರಿನ ರಿಬ್ಬನ್ ಒಣಗಿತ್ತು, ಹೊಸದು ಬರುವಷ್ಟರಲ್ಲಿ ಮಧ್ಯಾಹ್ನ ಎರಡು ಗಂಟೆಯಾಯಿತು. ಬಂದ ಹಾಳೆಯಲ್ಲಿ ಐದು ನವಿಲು ಕಣ್ಣು ಮುಚ್ಚಿದ್ದವು. ನಿನ್ನೆ ಮುಚ್ಚಿದ್ದದ್ದು ಇವತ್ತು ತೆರೆದಿತ್ತು. ಈ ಐದೂ ಬೇರೆ.

"ಇನ್ನೊಂದ್ಸಲ ತೆಗಿ," ಎಂದೆ.

ತೆಗೆದಳು. ಏಳು.

ಮೂರು ದಿನ ಹೀಗೇ ಆಯಿತು. ಬೆಳಿಗ್ಗೆ ನೋಡಿದರೆ ಎಲ್ಲವೂ ಕಣ್ಣು ಬಿಟ್ಟುಕೊಂಡಿರುತ್ತವೆ, ಆದರೆ ಪ್ರಿಂಟರ್ ಓಡುವಷ್ಟು ಹೊತ್ತು ಆಗ ಕರೆಂಟು ನಿಲ್ಲುವುದಿಲ್ಲ. ಬಿಸಿಲು ಏರಿದ ಹಾಗೆ ಒಂದೊಂದೇ ಮುಚ್ಚುತ್ತವೆ, ಊಟ ಮಾಡಿ ನಿದ್ದೆ ಹೋದವರ ಹಾಗೆ. ತೆಗೆದ ಹಾಳೆಗಳನ್ನು ಸೊಸೆ ಮೊದಲು ಗೋಡೆಗೆ ನೇತು ಹಾಕುತ್ತಿದ್ದಳು. ಮೂರನೇ ದಿನ ಹೋಗಿ ನೋಡುತ್ತೇನೆ, ಎಲ್ಲವನ್ನೂ ಗೋಡೆಯ ಕಡೆ ತಿರುಗಿಸಿ ಹಾಕಿದ್ದಾಳೆ. ಅನ್ನ ಹಾಗೇ ತಟ್ಟೆಯಲ್ಲಿತ್ತು.

"ಯಾಕೇ ಉಂಡಿಲ್ಲ?"

"ಸೇರಲ್ಲ." ತಟ್ಟೆ ಪಕ್ಕಕ್ಕೆ ತಳ್ಳಿ, "ಅತ್ತೆಮ್ಮ, ನಿಜ ಹೇಳಿ. ಒಳಗಿರೋದಕ್ಕೆ ಏನೂ ಆಗಲ್ಲ ಅಲ್ವಾ? ಅದರ ಕಣ್ಣಿಗೆ?"

"ನವಿಲಿಗೂ ನಿನ್ನ ಹೊಟ್ಟೆಗೂ ಏನೇ ಸಂಬಂಧ? ಬಟ್ಟೆ ಮೇಲಿನ ಹಕ್ಕಿಗೆ ಹೆದರಿಕೊಂಡು ಉಪವಾಸ ಬಿದ್ರೆ ಕಣ್ಣಲ್ಲ, ಕೈಕಾಲೂ ಬರಲ್ಲ. ಉಣ್ಣು."

"ಇದು ಮಾವನೋರು ಬರೆದ ನವಿಲು. ಇದನ್ನ ಪೆಟ್ಟಿಗೆಗೆ ಹಾಕ್ದೆ ಅಂತ ಅವರಿಗೆ..."

"ನಿಮ್ಮ ಮಾವ ಬದುಕಿದ್ದಾಗ್ಲೇ ಯಾರಿಗೂ ಏನೂ ಹೇಳ್ದೋರಲ್ಲ. ಈಗ ಬಂದು ಹೇಳ್ತಾರಾ?"

ಮಾತು ಜೋರಾಗಿಯೇ ಆಡಿದೆ. ಆದರೆ ಒಳಗೆ ನನಗೂ ಹೆದರಿಕೆಯಿತ್ತು. ಯಾಕೆ ಎಂದು ಇಲ್ಲಿ ಬರೆಯುತ್ತೇನೆ. ಯಾರಿಗೂ ಹೇಳಿರಲಿಲ್ಲ, ಯಜಮಾನರಿಗೂ ಹೇಳಿರಲಿಲ್ಲ. ಸೊಸೆ ಇದನ್ನು ಓದಿದರೆ ಓದಲಿ.

ಮದುವೆಯಾದ ಎರಡನೇ ವರ್ಷ ನಾನು ಬಸುರಿ. ಇದೇ ನವಿಲಿನ ಮೊದಲನೇ ಕಾರ್ಡುಗಳು. ಸೀರೆಯ ಲಾಟು ಹೋಗಬೇಕು, ಅವಸರ. ಕಣ್ಣಿನ ಕಾರ್ಡನ್ನು ನಾಳೆ ಬೆಳಿಗ್ಗೆಗೆ ಉಳಿಸದೆ ಮಧ್ಯಾಹ್ನವೇ, ಊಟ ಮಾಡಿದ ಕೈಯಲ್ಲಿ, ತೂಕಡಿಸುತ್ತಾ ಹೊಡೆದೆ. ಖಾಲಿ ಇರಬೇಕಾದ ಚೌಕಕ್ಕೆ ತೂತು ಬಿತ್ತು. ಗೊತ್ತಾದ ಕೂಡಲೇ ಅಂಟು ಹಚ್ಚಿ ಕಾಗದದ ತೇಪೆ ಹಾಕಿದೆ. ಅತ್ತೆಗೆ ತೋರಿಸಲಿಲ್ಲ. ತಿಂಗಳು ತುಂಬಿ ಗಂಡು ಮಗು ಹುಟ್ಟಿತು. ಎರಡು ಕಣ್ಣಿನ ಮೇಲೂ ಹಾಲು ಚೆಲ್ಲಿದ ಹಾಗೆ ಬಿಳಿ ಪೊರೆ. ಮಗು ಎಂಟು ದಿನ ಇತ್ತು, ಹೋಯಿತು. ಆ ತೂತಿನಿಂದ ಹಾಗಾಯಿತು ಅಂತ ನಾನು ಹೇಳುವುದಿಲ್ಲ. ತೂತೂ ಬಿತ್ತು, ಮಗುವೂ ಹೋಯಿತು, ಅಷ್ಟು ಹೇಳುತ್ತೇನೆ. ಆ ತೇಪೆಯ ಕಾರ್ಡು ಹಳೆಯ ಕಟ್ಟಿನಲ್ಲಿ ಅಟ್ಟದ ಮೇಲೆ ಇದ್ದೇ ಇತ್ತು.

ಇದನ್ನು ಆರು ತಿಂಗಳ ಬಸುರಿಗೆ ಹೇಳುವುದು ಹೇಗೆ? ನುಂಗಿಕೊಂಡೆ. ಮೊದಲು ತೆಗೆದ ಹಾಳೆಯಲ್ಲಿ ಮುಚ್ಚಿದ್ದ ಐದು ಕಣ್ಣುಗಳಿಗೆ ಬಿಳಿ ಬಣ್ಣದ ಚುಕ್ಕಿ ಇಟ್ಟು ತೆರೆಸಿ, ಆ ಸಾಲುಗಳನ್ನು ಬೆಳಿಗ್ಗೆ ತಲೆಗೆ ನೀರು ಹಾಕಿಕೊಂಡೇ ಹೊಡೆದು, ಕಾರ್ಡು ಕಳಿಸಿಕೊಟ್ಟೆ. ಮುಗಿಯಲಿ, ಪೀಡೆ ಕಳೆಯಲಿ ಅಂತ.

ಕಾರ್ಡು ಕಳಿಸಿದ ನಾಲ್ಕನೇ ದಿನ ಮಾಲೀಕರು ನೇಯ್ದ ತುಂಡು ಹಿಡಿದುಕೊಂಡು ಬಂದರು.

"ಏನಮ್ಮ ಇದು? ಕಣ್ಣೇನೋ ಚೆನ್ನಾಗಿದೆ. ನವಿಲಿಗೆ ಸಿಡುಬು ಎದ್ದಂಗಿದೆಯಲ್ಲ?"

ಬೆಳಕಿಗೆ ಹಿಡಿದು ನೋಡಿದೆ. ಗರಿಯ ತುಂಬ, ನವಿಲಿನ ಸುತ್ತಲಿನ ಬಟ್ಟೆಯ ನೆಲದ ತುಂಬ, ಎಲ್ಲಿ ಬೇಡವೋ ಅಲ್ಲೆಲ್ಲ ಚುಕ್ಕಿ. ಮೂವತ್ತು ವರ್ಷದಲ್ಲಿ ನನ್ನ ಕೈಯಿಂದ ಇಂಥ ಬಟ್ಟೆ ಹೋಗಿರಲಿಲ್ಲ.

"ನನ್ ಕೈಯಿಂದ ಆಗಿರೋದಲ್ಲ ಇದು," ಎಂದೆ.

"ಮತ್ಯಾರ ಕೈಯಿಂದ?" ಎಂದರು. ಅವರು ಕೇಳಿದ್ದು ನನ್ನನ್ನು. ಹಿಂದೆ ಬಾಗಿಲಲ್ಲಿ ನಿಂತಿದ್ದ ಸೊಸೆ ಸೆರಗಿನಿಂದ ಹೊಟ್ಟೆ ಮುಚ್ಚಿಕೊಂಡು ಒಳಗೆ ಹೋದಳು.

ಮಾಲೀಕರು ಹೋದ ಮೇಲೆ ನೋಡಿದರೆ ಅವಳು ಚೀಲಕ್ಕೆ ಬಟ್ಟೆ ತುಂಬುತ್ತಿದ್ದಳು.

"ವಿಜಯಪುರಕ್ಕೆ ಹೋಗ್ತೀನಿ ಅತ್ತೆಮ್ಮ. ಹೆರಿಗೆ ಆಗೋ ತನಕ ಬರಲ್ಲ. ಆಮೇಲೂ ಆ ಪೆಟ್ಟಿಗೆ ಮುಟ್ಟಲ್ಲ."

"ಹೋಗು. ಬೇಡ ಅನ್ನಲ್ಲ. ಆದ್ರೆ ಹೆದರಿಕೊಂಡು ಹೋದ್ರೆ ಹೆದರಿಕೆನೂ ಅದೇ ಬಸ್ಸು ಹತ್ತುತ್ತೆ. ನನಗೆ ಎರಡು ದಿನ ಕೊಡು."

ಅವಳು ಚೀಲವನ್ನು ಬಾಗಿಲ ಹಿಂದೆ ಇಟ್ಟಳು. ಬಿಚ್ಚಲಿಲ್ಲ.

ನಾನು ಅಟ್ಟದಿಂದ ಯಜಮಾನರ ಕೈಬರಹದ ಹಳೆಯ ಹಾಳೆ ಇಳಿಸಿದೆ. ಒಂದು ಕಡೆ ಅದು, ಇನ್ನೊಂದು ಕಡೆ ನಾನು ನೋಡಿ ಕಾರ್ಡು ಹೊಡೆದಿದ್ದ ಪ್ರಿಂಟು. ಎಳೆ ಎಣಿಸುವ ಭೂತಗನ್ನಡಿ ಕಣ್ಣಿಗೆ ಹಿಡಿದು ಮೇಲಿನ ಸಾಲಿನಿಂದ ಶುರು ಮಾಡಿದೆ. ಇಲ್ಲಿ ನಾಲ್ಕು ತುಂಬಿದೆ, ಅಲ್ಲಿ ನಾಲ್ಕು. ಇಲ್ಲಿ ಎರಡು ಖಾಲಿ, ಅಲ್ಲಿ ಒಂದು. ತಪ್ಪು. ಪೆನ್ಸಿಲಿನಿಂದ ಸುತ್ತು ಹಾಕಿದೆ. ಹೀಗೆ ಒಂದೂವರೆ ದಿನ. ನೀರು ಕುಡಿಯಲು ಎದ್ದದ್ದು ಬಿಟ್ಟರೆ ಕೂತೇ ಇದ್ದೆ.

ಸುತ್ತು ಹಾಕಿದ್ದನ್ನು ಎಣಿಸಿದೆ. ಅರವತ್ತು ದಾಟಿತ್ತು. ಅದರಲ್ಲಿ ಕಣ್ಣಿನವು ಐದೇ ಐದು. ಮಿಕ್ಕವೆಲ್ಲ ಗರಿಯಲ್ಲಿ, ಕಾಲಿನಲ್ಲಿ, ಸುತ್ತಲಿನ ನೆಲದಲ್ಲಿ. ಗರಿಯಲ್ಲಿ ಮೊದಲೇ ನೂರು ಚುಕ್ಕಿ, ಒಂದು ಹೆಚ್ಚಾದರೆ ಒಂದು ಕಡಿಮೆಯಾದರೆ ಯಾರು ಗಮನಿಸುತ್ತಾರೆ? ಕಣ್ಣು ಮಾತ್ರ ನಮ್ಮನ್ನು ನೋಡುತ್ತಿರುತ್ತದೆ. ಅದು ನೋಡುವುದು ನಿಲ್ಲಿಸಿದರೆ ಕೂಡಲೇ ಗೊತ್ತಾಗುತ್ತದೆ. ಅಂದರೆ ಒಳಗಿರುವುದು ಕಣ್ಣು ಹುಡುಕಿಕೊಂಡು ಹೋಗುತ್ತಿರಲಿಲ್ಲ. ಅದು ಎಲ್ಲ ಕಡೆಯೂ ತಪ್ಪುತ್ತಿತ್ತು.

ಇನ್ನೊಂದು ವಿಷಯ ಕಂಡಿತು. ಸುತ್ತುಗಳು ಚೆಲ್ಲಾಪಿಲ್ಲಿಯಾಗಿರಲಿಲ್ಲ. ಹಾಳೆಯನ್ನು ದೂರ ಹಿಡಿದರೆ ಮೇಲಿಂದ ಕೆಳಕ್ಕೆ ನೆಟ್ಟಗೆ ಸಾಲು ಹಿಡಿದಿದ್ದವು. ಮಗ್ಗದಲ್ಲಿ ಹೀಗೆ ಒಂದೇ ನೇರದಲ್ಲಿ ತಪ್ಪು ಬಂದರೆ ಅದಕ್ಕೆ ಒಂದೇ ಅರ್ಥ. ಯಾವುದೋ ಒಂದು ಕೊಕ್ಕೆ ಹೊತ್ತಿಗೆ ಸರಿಯಾಗಿ ಏಳುತ್ತಿಲ್ಲ.

ಆಗ ನೆನಪಾಯಿತು. ಇದೇ ಮಾಲೀಕರು ಒಂದು ಸಲ ಮೋಟಾರಿನ ಚಕ್ರ ಬದಲಾಯಿಸಿ ಒಂದು ಮಗ್ಗದ ವೇಗ ಹೆಚ್ಚಿಸಿದ್ದರು. ಮೇಲಿದ್ದ ಜಕಾರ್ಡು ಮಾತ್ರ ಹಳೆಯದು. ಕೊಕ್ಕೆ ಪೂರ್ತಿ ಏಳುವ ಮೊದಲೇ ಲಾಳಿ ಹೊರಟುಬಿಡುತ್ತಿತ್ತು. ಬೆಳಿಗ್ಗೆ ತಣ್ಣಗಿದ್ದಾಗ ಹೇಗೋ ಸಂಭಾಳಿಸುತ್ತಿತ್ತು. ಮಧ್ಯಾಹ್ನ ಕಬ್ಬಿಣ ಕಾದ ಮೇಲೆ ಬಟ್ಟೆಯ ಮೇಲಿನ ಹೂವಿನ ಎಸಳೆಲ್ಲ ಉದುರುತ್ತಿತ್ತು. ಆಗಲೂ ಆ ಮಗ್ಗಕ್ಕೆ ದೃಷ್ಟಿಯಾಗಿದೆ ಅಂತ ನಿಂಬೆಹಣ್ಣು ಕಟ್ಟಿದ್ದರು. ಹಳೆಯ ಚಕ್ರ ಹಾಕಿದ ದಿನ ಸರಿಹೋಯಿತು.

ಸೊಸೆಯನ್ನು ಕರೆದೆ.

"ಆ ರಿಪೇರಿಯೋನು ಪೆಟ್ಟಿಗೇಲಿ ಏನೇನು ಬದಲಾಯಿಸ್ದ?"

"ಮದರ್‌ಬೋರ್ಡು, ಪ್ರೊಸೆಸರ್. ಮುಂಚಿಗಿಂತ ಜೋರಾಗಿ ಓಡೋದು. ಒಂದು ಹೊಸ ಮೆಮರಿ."

"ಹಳೇದು ಏನು ಉಳೀತು ಒಳಗೆ?"

ಅವಳು ನನ್ನ ಮುಖ ನೋಡಿದಳು. "ನೀವು ಬಿಡಿಸಿಕೊಂಡ್ರಲ್ಲ, ಆ ಪಟ್ಟಿ."

ತಂತಿ ಕಿತ್ತು ಪೆಟ್ಟಿಗೆ ಬಿಚ್ಚಿಸಿದೆ. ಎರಡು ಪಟ್ಟಿಯೂ ಪಕ್ಕಪಕ್ಕ ನಿಂತಿದ್ದವು, ಒಂದೇ ಅಳತೆ, ಒಂದೇ ಹಸಿರು, ಅಕ್ಕತಂಗಿಯರ ಹಾಗೆ. ಸೊಸೆ ಎರಡನ್ನೂ ತೆಗೆದುಕೊಟ್ಟಳು. ಭೂತಗನ್ನಡಿ ಹಿಡಿದು ಆ ಕಪ್ಪು ಹುಳಗಳ ಬೆನ್ನು ನೋಡಿದೆ. ಇರುವೆ ಸಾಲಿನಂಥ ಬರಹ. ಇಂಗ್ಲಿಷ್ ಅಕ್ಷರ ನನಗೆ ಬರುವುದಿಲ್ಲ. ಅಂಕಿ ಬರುತ್ತದೆ. ಸಾಲಿನ ಕೊನೆಯಲ್ಲಿ ಒಂದು ಅಡ್ಡಗೆರೆ, ಅದರ ಮುಂದೆ ಹಳೆಯದರ ಮೇಲೆ ಹತ್ತು, ಹೊಸದರ ಮೇಲೆ ಎಂಟು.

"ಇದೇ ಬೇರೆ ಇರೋದು," ಎಂದೆ.

"ಹತ್ತು ಅಂದ್ರೆ ಹಳೇದೇ ಜೋರಲ್ವಾ?"

"ಹುರಿ ಮಾಡೋರ ಮನೇಲಿ ಹುಟ್ಟಿ ಇದನ್ನ ಕೇಳ್ತೀಯಾ? ರೇಷ್ಮೆ ಎಳೆಗೆ ನಂಬರು ಚಿಕ್ಕದಾದಷ್ಟೂ ನಯ ಅಲ್ವೇನೆ? ಇದೂ ಹಂಗೇ ಇರ್ಬೇಕು. ಅದು ಕೆಲಸ ಮಾಡೋಕೆ ಹಿಡಿಯೋ ಹೊತ್ತು ಇರ್ಬೇಕು ಇದು. ಫೋನ್ ಮಾಡು ಅವನಿಗೆ."

ಅವಳು ಬೀದಿ ತುದಿಯ ಬೂತಿನಿಂದ ಫೋನ್ ಮಾಡಿದಳು. ಮಾರನೇ ದಿನ ಹನ್ನೊಂದಕ್ಕೆ ಅವನು ಬಂದ. ನಾನು ಎರಡೂ ಪಟ್ಟಿ ಮುಂದಿಟ್ಟು ಅಂಕಿ ತೋರಿಸಿದೆ. ಅವನು ನನ್ನ ಭೂತಗನ್ನಡಿ ಇಸಿದುಕೊಂಡು ನೋಡಿ, ನಾಲಿಗೆ ಕಚ್ಚಿಕೊಂಡ.

"ಹೌದಮ್ಮ. ಅಂಕಿ ಚಿಕ್ಕದಿದ್ರೆ ಬೇಗ ಕೊಡುತ್ತೆ. ಈಗಿನ ಬೋರ್ಡು ನೂರರ ತಾಳ ಹಾಕುತ್ತೆ, ಪ್ರೊಸೆಸರ್ ಆ ತಾಳಕ್ಕೆ ಕೇಳುತ್ತೆ. ಈ ಹಳೇ ಮೆಮರಿ ಅರವತ್ತಾರರ ತಾಳಕ್ಕೆ ಮಾಡಿರೋದು. ಅದು ಕೊಡೋ ಮೊದ್ಲೇ ಇದು ಕಿತ್ಕೊಂಡುಬಿಡುತ್ತೆ. ಅರ್ಧಂಬರ್ಧ ಬರುತ್ತೆ."

"ಮಧ್ಯಾಹ್ನವೇ ಯಾಕೆ?"

"ಕಾದ್ರೆ ಇನ್ನೂ ನಿಧಾನ. ಈ ಶೀಟಿನ ಕೆಳಗೆ ನಾನೇ ನಿಧಾನ ಆಗಿದೀನಿ."

"ಮತ್ತೆ ಅವತ್ತು ಯಾಕೆ ಹೇಳ್ಲಿಲ್ಲ?"

"ಹೊಸದೊಂದೇ ಸಾಕು ಅಂದ್ನಲ್ಲಮ್ಮ!"

"ಸಾಕು ಅಂದೆ. ಇದು ಬೇಡ, ಹಾಕಿದ್ರೆ ಕೆಡುತ್ತೆ ಅಂತ ಅಂದ್ಯಾ?"

ಅವನು ತಲೆ ಕೆರೆದುಕೊಂಡ. "ಎದ್ದಿತಲ್ಲ, ಎರಡೂ ತೋರಿಸ್ತಲ್ಲ, ನಡೆಯುತ್ತೆ ಅನ್ಕೊಂಡೆ. ತಿಳ್ಕೊಳ್ಳಿ ಅಮ್ಮ, ಬೋರ್ಡು ಯಾವ ತಾಳ ಹಾಕುತ್ತೋ, ಪ್ರೊಸೆಸರ್ ಎಷ್ಟಕ್ಕೆ ಓಡುತ್ತೋ, ಮೆಮರಿ ಅಷ್ಟಕ್ಕಾದ್ರೂ ಇರ್ಬೇಕು. ಅದಕ್ಕಿಂತ ಜೋರಿದ್ರೆ ಸುಮ್ನೆ ಕಾಯ್ತಾ ನಿಂತಿರುತ್ತೆ, ತೊಂದರೆ ಇಲ್ಲ. ನಿಧಾನ ಇದ್ರೆ ತಪ್ಪುತ್ತೆ. ಜೊತೇಲಿ ಎರಡು ಹಾಕಿದ್ರೆ ನಿಧಾನದ್ದನ್ನ ನೋಡ್ಕೊಂಡು ತಾಳ ಹಾಕ್ಬೇಕು."

ನನಗೆ ಅರ್ಥವಾಯಿತು. ಸೊಸೆಗೂ ಆಯಿತು. ಆದರೆ ಅವಳ ಮುಖ ಸಡಿಲವಾಗಲಿಲ್ಲ.

"ನನ್ನ ಕಣ್ಣೆದುರಿಗೆ ಮಾಡಿ ತೋರಿಸಿ," ಎಂದಳು.

ಅವನು ಎರಡೂ ಪಟ್ಟಿ ಒಳಗೆ ಹಾಕಿದ. ಬೋರ್ಡಿನ ಮೇಲೆ ಅಕ್ಕಿಕಾಳಿನಷ್ಟು ದೊಡ್ಡ ಒಂದು ಕೀಲು ಇತ್ತು. ಅದನ್ನು ಕಿತ್ತು ಪಕ್ಕದ ಕಡ್ಡಿಗಳಿಗೆ ಸಿಕ್ಕಿಸಿ ತಾಳವನ್ನು ಅರವತ್ತಾರಕ್ಕೆ ಇಳಿಸಿದ. ಕಂಪ್ಯೂಟರ್ ಮುದುಕಿಯ ಹಾಗೆ ನಿಧಾನವಾಗಿ ಎದ್ದಿತು. ನವಿಲುಗಳನ್ನು ತೆರೆದು ಇಟ್ಟು ನಾವು ಮೂವರೂ ಕಾದೆವು. ಹನ್ನೆರಡಾಯಿತು, ಒಂದಾಯಿತು. ಶೀಟು ಕಾದು ಪಟಪಟ ಅನ್ನತೊಡಗಿತು. ಸೊಸೆ ಮೇಲೆ ಸರಿಸಿ, ಕೆಳಗೆ ಸರಿಸಿ ಎಣಿಸಿದಳು. ಇಪ್ಪತ್ತನಾಲ್ಕೂ ತೆರೆದೇ ಇದ್ದವು.

"ಈಗ ಮೊದಲಿನ ಹಂಗೆ ಮಾಡಿ," ಎಂದಳು.

ಕೀಲು ಮತ್ತೆ ನೂರಕ್ಕೆ ಹೋಯಿತು. ಅಷ್ಟರಲ್ಲಿ ಊರಿನ ಕರೆಂಟು ಹೋಯಿತು, ಮಗ್ಗಗಳೆಲ್ಲ ನಿಂತವು, ಬ್ಯಾಟರಿ ಡಬ್ಬ ಕೂಗತೊಡಗಿತು. ಅವನು ಕುರ್ಚಿ ಎಳೆದುಕೊಂಡು ಪರದೆಗೆ ಮುಖವಿಟ್ಟು ಕೂತಿದ್ದ. ಸೊಸೆ ಒಂದು ಸಲ ಸರಿಸಿ ತಂದಳು. ಅವನು ಕುರ್ಚಿಯ ಸಮೇತ ಹಿಂದಕ್ಕೆ ಬಂದ.

"ಅಯ್ಯಯ್ಯೋ. ನನ್ನೇ ನೋಡ್ತಾ ನೋಡ್ತಾ ಮುಚ್ಚಿಬಿಡ್ತಲ್ಲಮ್ಮ!"

"ತಾಳ ತಪ್ತು ಅಂದ್ಯಲ್ಲ, ಅದಕ್ಕೆ ಯಾಕಪ್ಪ ಬೆವರ್ತೀಯ?" ಎಂದೆ.

"ಶೆಕೆ," ಎಂದ. ಹಳೆಯ ಪಟ್ಟಿ ಕಿತ್ತು ನನ್ನ ಕೈಗೆ ಕೊಟ್ಟ. ಕಾವಲಿಯಿಂದ ತೆಗೆದ ರೊಟ್ಟಿಯಷ್ಟು ಬಿಸಿಯಿತ್ತು. ಅಂಗೈಯಲ್ಲಿ ಅದು ತಣ್ಣಗಾಗುವ ತನಕ ಹಿಡಿದುಕೊಂಡಿದ್ದೆ, ಯಾಕೋ ಕೆಳಗಿಡಲು ಮನಸ್ಸಾಗಲಿಲ್ಲ.

ಕರೆಂಟು ಬಂದ ಮೇಲೆ ಹೊಸ ಪಟ್ಟಿಯೊಂದರಲ್ಲೇ, ನೂರರ ತಾಳದಲ್ಲೇ ಓಡಿಸಿದೆವು. ಆ ದಿನ, ಮಾರನೇ ದಿನ, ಅದರ ಮಾರನೇ ದಿನ, ಮೂರು ಮಧ್ಯಾಹ್ನ ಹಾಳೆ ತೆಗೆದೆವು. ಒಂದು ಕಣ್ಣೂ ಮುಚ್ಚಲಿಲ್ಲ. ನಾನು ಸಾಲು ಸಾಲಾಗಿ ಓದಿ ನೋಡಿದೆ, ಸುತ್ತು ಹಾಕಲು ಒಂದು ಚೌಕವೂ ಸಿಗಲಿಲ್ಲ. ಕಾರ್ಡುಗಳನ್ನು ಹೊಸದಾಗಿ ಹೊಡೆದೆ. ಮಾಲೀಕರು ಸೆರಗು ನೋಡಿ ಏನೂ ಅನ್ನಲಿಲ್ಲ, ಮಡಿಸಿಕೊಂಡು ಹೋದರು. ಅವರು ಏನೂ ಅನ್ನದಿದ್ದರೆ ಚೆನ್ನಾಗಿದೆ ಅಂತ ಅರ್ಥ.

ಸೊಸೆ ಚೀಲ ಬಿಚ್ಚಿದಳು. ಉಣ್ಣತೊಡಗಿದಳು. ಆದರೆ ಒಂದು ದಿನ ಸೊಪ್ಪು ಬಿಡಿಸುತ್ತಾ ಕೂತಿದ್ದಾಗ ತಲೆ ಎತ್ತದೆ ಹೇಳಿದಳು.

"ಗೊತ್ತಾಯ್ತು ಅತ್ತೆಮ್ಮ. ತಾಳ, ಅಂಕಿ, ಬಿಸಿ, ಎಲ್ಲ ಗೊತ್ತಾಯ್ತು. ಆದ್ರೂ ನಾನು ನೋಡ್ತಿದ್ದಾಗ ಮುಚ್ಚಿದ್ದು ಮುಚ್ಚಿದ್ದೇ ಅಲ್ವಾ?"

ಹುಚ್ಚಿ ಅಂತ ಬೈಯಬಹುದಾಗಿತ್ತು. ಬೈಯಲಿಲ್ಲ. ಆ ಪಟ್ಟಿಯನ್ನು ಒಳಗೆ ಹಾಕಿಸಿದವಳು ನಾನು. ಅಟ್ಟದ ಮೇಲಿನ ಕಾರ್ಡಿಗೆ ತೇಪೆ ಹಾಕಿದವಳೂ ನಾನು. ಹಳೆಯದು ಯಾಕೆ ವ್ಯರ್ಥವಾಗಬೇಕು ಅಂತ ಎರಡನ್ನೂ ಮನೆಯಲ್ಲಿ ಉಳಿಸಿಕೊಂಡವಳು ನಾನೇ. "ಸೊಪ್ಪಲ್ಲಿ ಹುಳ ಇದೆ ನೋಡು," ಎಂದೆ.

ತವರಿಗೆ ಹೋಗುವ ಮೊದಲೇ, ದಿನ ತುಂಬಲು ವಾರವಿರುವಾಗ ನೋವು ಬಂತು. ನಮ್ಮೂರ ಆಸ್ಪತ್ರೆಗೇ ಸೇರಿಸಿದೆವು. ಹೆರಿಗೆಯಾದಾಗ ಹೊತ್ತು ನೆತ್ತಿಯ ಮೇಲಿತ್ತು. ನಾನು ಗೋಡೆ ಗಡಿಯಾರ ನೋಡಬಾರದು ಅಂದುಕೊಂಡೇ ನೋಡಿದೆ. ಹನ್ನೆರಡೂವರೆ. ನರ್ಸು ಬಟ್ಟೆಯಲ್ಲಿ ಸುತ್ತಿದ್ದನ್ನು ನನ್ನ ಕೈಗಿಟ್ಟು, "ಹೆಣ್ಣು, ಅಜ್ಜಿ," ಎಂದಳು.

"ಇರಲಿ. ಕಣ್ಣು?" ಎಂದೆ.

"ಕಣ್ಣಿಗೇನು?"

"ಬಿಟ್ಟಿಲ್ಲ."

"ಈಗ ತಾನೆ ಹುಟ್ಟಿದೆ, ರೆಪ್ಪೆ ಊದಿದೆ. ಬಿಡುತ್ತೆ. ಅವಸರ ಏನು ನಿಮಗೆ?"

ಕೂತೆ. ಮಗುವಿನ ಮುಖ ಕೆಂಪಗೆ, ರೆಪ್ಪೆಗಳು ಅಂಟು ಹಾಕಿದ ಹಾಗೆ. ಸೊಸೆ ಮಂಪರಿನಲ್ಲಿದ್ದಳು. ಎಚ್ಚರವಾದಾಗಲೆಲ್ಲ ಒಂದೇ ಮಾತು, "ಬಿಡ್ತಾ?" ಇಲ್ಲ ಅಂದರೆ ಮತ್ತೆ ಕಣ್ಣು ಮುಚ್ಚುತ್ತಿದ್ದಳು. ಒಂದೂವರೆಗೆ ಕರೆಂಟು ಹೋಯಿತು. ಫ್ಯಾನು ನಿಂತಿತು. ಕಿಟಕಿಯಾಚೆ ಊರಿನ ಮಗ್ಗಗಳೆಲ್ಲ ಒಟ್ಟಿಗೆ ನಿಂತವು. ನನ್ನ ತೊಡೆಯ ಮೇಲೆ ಮಗು ಅಲುಗಾಡದೆ ಮಲಗಿತ್ತು. ಮೂಗಿನ ಹತ್ತಿರ ಬೆರಳಿಟ್ಟು ಉಸಿರು ನೋಡಿದೆ. ಇತ್ತು. ರೆಪ್ಪೆಯನ್ನು ನಾನೇ ಬೆರಳಿನಿಂದ ಸರಿಸಿ ನೋಡೋಣ ಅನ್ನಿಸಿತು. ಕೈ ಹೋಗಲಿಲ್ಲ. ಎರಡೂವರೆ ಗಂಟೆ ಹಾಗೇ ಕೂತಿದ್ದೆ.

ನಾಲ್ಕಕ್ಕೆ ಕರೆಂಟು ಬಂತು. ಆಸ್ಪತ್ರೆಯ ಹಿಂದಿನ ಬೀದಿಯ ಮಗ್ಗಗಳು ಧಡಾರೆಂದು ಶುರುವಾದವು. ಮಗು ಬೆಚ್ಚಿಬಿತ್ತು, ಮುಖ ಕಿವುಚಿತು, ಒಂದು ಕಣ್ಣು ಬಿಟ್ಟಿತು, ಆಮೇಲೆ ಇನ್ನೊಂದು. ಎತ್ತಿಕೊಂಡು ಕಿಟಕಿಗೆ ಹೋದೆ. ಎರಡೂ ಕಪ್ಪು. ಪೊರೆ ಇರಲಿಲ್ಲ. ಬಿಸಿಲಿಗೆ ಹಿಡಿದರೆ ಪಟ್ಟನೆ ಮುಚ್ಚಿತು, ನೆರಳಿಗೆ ತಂದರೆ ತೆರೆಯಿತು. ಇನ್ನೊಂದು ಸಲ ಹಾಗೇ ಮಾಡಿ ನೋಡಿದೆ. ಮಗು ಅಳಲು ಶುರು ಮಾಡಿತು.

"ಅತ್ತೆಮ್ಮ?"

"ಎರಡೂ ಇದೆ. ಮಲಗು."

ಬಾಣಂತಿಯನ್ನು ಮನೆಗೆ ಕರೆತಂದ ದಿನ ಅಟ್ಟ ಹತ್ತಿ ಹಳೆಯ ಕಟ್ಟು ಬಿಚ್ಚಿದೆ. ತೇಪೆ ಹಾಕಿದ ಕಾರ್ಡು ಹುಡುಕಿ ತೆಗೆದೆ. ಅಂಟು ಅಷ್ಟು ವರ್ಷವಾದರೂ ಬಿಟ್ಟಿರಲಿಲ್ಲ. ಅದನ್ನು ಬಚ್ಚಲ ಒಲೆಗೆ ಹಾಕಿ, ಆ ಬೆಂಕಿಗೆ ಕಾದ ನೀರಲ್ಲೇ ಮಗುವಿಗೆ ಎರೆದೆ. ಹಸಿರು ಪಟ್ಟಿ ಒಲೆಗೆ ಹಾಕುವಂಥದ್ದಲ್ಲ, ಕೆಟ್ಟ ವಾಸನೆ ಬರುತ್ತದೆ ಅಂದರು. ಅದು ಇನ್ನೂ ನನ್ನ ಟ್ರಂಕಿನಲ್ಲಿದೆ.